ಮಣ್ಣಿನ ಬಣ್ಣದಲ್ಲಿ ಸಿಕ್ಕ ಕೋಟೆ

"ದೊಡ್ಡಮ್ಮ, ಇದೇನಾ ಕೋಟೆ? ತೋಟದ ಬೇಲಿ ಇದ್ದ ಹಾಗಿದೆಯಲ್ಲ!"

ತಂಗಿಯ ಮಗಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ರಿಚ್ಮಂಡ್‌ನಿಂದ ಒಂದು ಗಂಟೆ ಕಾರಿನಲ್ಲಿ ಬಂದು, ಜೌಗಿನ ಮೇಲಿನ ಮರದ ಕಾಲುಸೇತುವೆ ದಾಟಿ ನಿಂತಾಗ ನಮ್ಮೆದುರು ಕಂಡದ್ದು ಒತ್ತೊತ್ತಾಗಿ ನೆಟ್ಟ ಮರದ ದಿಮ್ಮಿಗಳ ಸಾಲು. ಅದರಾಚೆ ಹುಲ್ಲು, ಹುಲ್ಲಿನಾಚೆ ಕಡಲಿನಷ್ಟು ಅಗಲವಾಗಿ ಜೇಮ್ಸ್ ನದಿ. ಇದು ವರ್ಜೀನಿಯಾದ ಜೇಮ್ಸ್‌ಟೌನ್. ಅಮೆರಿಕದಲ್ಲಿ ಇಂಗ್ಲಿಷರು ಕಾಯಂ ಆಗಿ ಬೇರೂರಿದ ಮೊದಲ ನೆಲೆ.

1607ರ ಮೇ ತಿಂಗಳಲ್ಲಿ ಮೂರು ಹಡಗುಗಳಲ್ಲಿ ಬಂದ 104 ಮಂದಿ ಗಂಡಸರು, ಹುಡುಗರು ಇಲ್ಲಿ ಇಳಿದರು. ಎರಡು ವಾರ ಕಳೆಯುವಷ್ಟರಲ್ಲಿ ಈ ನೆಲದವರು ದಾಳಿ ಮಾಡಿದರು. ಬಂದವರು ಎದ್ದುಬಿದ್ದು ಮರ ಕಡಿದು, ಕಾಲುವೆ ತೋಡಿ, ದಿಮ್ಮಿ ನಿಲ್ಲಿಸಿ ಜೂನ್ 15ರ ಹೊತ್ತಿಗೆ ಕೋಟೆ ಮುಗಿಸಿದರು. ಮೂರು ಮೂಲೆಯ ಕೋಟೆ. ನದಿಯ ಕಡೆಗೆ ಸುಮಾರು 420 ಅಡಿ, ಉಳಿದೆರಡು ಬದಿ ಸುಮಾರು 300 ಅಡಿ. ಮೂಲೆಗೊಂದು ಅರ್ಧಚಂದ್ರದಂಥ ಬುರುಜು. ಒಳಗಿನ ಜಾಗ ಎಕರೆಯ ಮೇಲೆ ಸ್ವಲ್ಪ, ಅಷ್ಟೇ.

ಈ ಕೋಟೆಯನ್ನು ನದಿ ನುಂಗಿಬಿಟ್ಟಿದೆ ಎಂದೇ ಬಹುಕಾಲ ಎಲ್ಲರೂ ನಂಬಿದ್ದರು. ಪುರಾತತ್ವ ತಜ್ಞ ವಿಲಿಯಂ ಕೆಲ್ಸೊ ನಂಬಲಿಲ್ಲ. ಹಳೆಯ ಇಟ್ಟಿಗೆಯ ಚರ್ಚ್ ಗೋಪುರ ಇನ್ನೂ ನಿಂತಿತ್ತು. ಮೊದಲಿನ ಚರ್ಚು ಕೋಟೆಯೊಳಗೇ ಇದ್ದಿದ್ದರೆ, ಕೋಟೆಯೂ ಅದರ ಆಸುಪಾಸಿನಲ್ಲೇ ಇರಬೇಕಲ್ಲವೇ? 1994ರಲ್ಲಿ ಗೋಪುರಕ್ಕೂ ನದಿಗೂ ನಡುವೆ ಅಗೆಯಲು ಶುರುಮಾಡಿದರು. ಕೋಟೆ ಅಲ್ಲೇ ಇತ್ತು. ಒಂದು ಮೂಲೆ ಮಾತ್ರ ನದಿಯ ಪಾಲಾಗಿತ್ತು.

ಸಿಕ್ಕಿತು ಎಂದರೆ ಏನು ಸಿಕ್ಕಿತು? ಮರ ಎಂದೋ ಕೊಳೆತು ಹೋಗಿತ್ತು. ಹೊಲದಲ್ಲಿ ಹಳೆಯ ಬೇಲಿಗೂಟ ಕಿತ್ತು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗೂಟ ಹೋದರೂ ಗುಳಿಯಲ್ಲಿ ತುಂಬಿದ ಮಣ್ಣು ಸುತ್ತಲಿನ ಮಣ್ಣಿನ ಬಣ್ಣಕ್ಕೆ ತಿರುಗುವುದಿಲ್ಲ. ನಾವು ಹೋದ ದಿನ ಒಂದು ಗುಂಡಿ ತೆರೆದಿತ್ತು. ಹುಡುಗಿಯೊಬ್ಬಳು ಮಂಡಿಯೂರಿ, ಗಾರೆ ಕೆಲಸದವರ ಕರಣೆಯಂಥದರಿಂದ ನೆಲವನ್ನು ಹೆರೆಯುತ್ತಿದ್ದಳು. ನನಗೆ ಬರೀ ಜೇಡಿಮಣ್ಣು ಕಾಣಿಸಿತು. ಅವಳು ಬಾಟಲಿಯಿಂದ ತುಂತುರು ನೀರು ಹೊಡೆದಳು. ಒಣಗಿದ ಹಳದಿ ಮಣ್ಣಿನಲ್ಲಿ ಅಂಗೈಯಗಲದ ಕಂದು ಉರುಟು ಮೆಲ್ಲನೆ ಮೂಡಿತು, ಅದರ ಪಕ್ಕ ಇನ್ನೊಂದು. ಯಾವುದೋ ಕಂಬದ ಗುರುತು. ತಂಗಿಯ ಮಗಳು ಉಸಿರು ಬಿಗಿಹಿಡಿದು ನೋಡಿದಳು. ಈಗ ನಿಂತಿರುವ ದಿಮ್ಮಿಗಳನ್ನೂ ಇಂಥ ಕಲೆಗಳ ಸಾಲಿನ ಮೇಲೆಯೇ ನಿಲ್ಲಿಸಿದ್ದಾರೆ.

ಜಾಗದ ಆಯ್ಕೆ ಮಾತ್ರ ಕೆಟ್ಟದ್ದಾಗಿತ್ತು. ಅನುಕೂಲಗಳೇನೋ ಇದ್ದವು. ದಡದ ಬುಡದಲ್ಲೇ ನೀರು ಆಳ, ಹಡಗನ್ನು ಮರಕ್ಕೇ ಕಟ್ಟಬಹುದು. ಸ್ಪೇನಿನವರು ಬಂದರೆ ದೂರದಿಂದಲೇ ಕಾಣುತ್ತಾರೆ. ಆದರೆ ನದಿಯ ನೀರು ಸವಳು, ಸುತ್ತ ಸೊಳ್ಳೆಯ ಜೌಗು. ಇಲ್ಲಿನ ಮೂಲನಿವಾಸಿಗಳಾದ ಪಾಸ್ಪಹೆ ಜನ ತಮ್ಮದೇ ಸೀಮೆಯಾದರೂ ಇಲ್ಲಿ ಮನೆ ಮಾಡಿರಲಿಲ್ಲ. ಸಾಲದ್ದಕ್ಕೆ 1606ರಿಂದ 1612ರವರೆಗೆ ಬರಗಾಲ. ಹಳೆಯ ಮರಗಳ ಉಂಗುರ ಎಣಿಸಿದವರು, 770 ವರ್ಷಗಳಲ್ಲೇ ಅಂಥ ಏಳು ಒಣ ವರ್ಷ ಬಂದಿರಲಿಲ್ಲ ಎನ್ನುತ್ತಾರೆ. 104 ಮಂದಿಯಲ್ಲಿ ಜನವರಿಯ ಹೊತ್ತಿಗೆ ಉಳಿದವರು 38. ಸತ್ತವರನ್ನು ಕೋಟೆಯೊಳಗೇ ಹೂತರು. ತಮ್ಮ ಸಂಖ್ಯೆ ಇಳಿಯುತ್ತಿರುವುದು ಹೊರಗಿನವರಿಗೆ ತಿಳಿಯದಿರಲೆಂದು.

ಮತ್ತೆ ಹಡಗುಗಳು ಬಂದವು, ಜನ ಬಂದರು. 1609ರ ಚಳಿಗಾಲದಲ್ಲಿ ಈ ಸೀಮೆಯ ಮೂಲನಿವಾಸಿಗಳ ದೊರೆ ಪೊಹಾಟನ್ ಅರಸನ ಕಡೆಯವರು ಕೋಟೆಯನ್ನು ಸುತ್ತುಗಟ್ಟಿದರು. ಒಳಗೆ ಸಿಕ್ಕಿಬಿದ್ದವರು ಕುದುರೆ ತಿಂದರು, ನಾಯಿ ತಿಂದರು, ಹಾವು ತಿಂದರು. ಸುಮಾರು 300 ಮಂದಿಯಲ್ಲಿ ವಸಂತಕ್ಕೆ ಉಳಿದವರು 60ರಷ್ಟು.

ಪಕ್ಕದ ಮ್ಯೂಸಿಯಂನಲ್ಲಿ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಾನು ಬಹಳ ಹೊತ್ತು ನಿಂತೆ. 2012ರಲ್ಲಿ ಕೋಟೆಯ ನೆಲಮಾಳಿಗೆಯೊಂದರ ಕಸದಲ್ಲಿ, ಕುದುರೆ ನಾಯಿಗಳ ಎಲುಬುಗಳ ನಡುವೆ, ಸುಮಾರು 14 ವರ್ಷದ ಇಂಗ್ಲಿಷ್ ಹುಡುಗಿಯ ತಲೆಬುರುಡೆಯ ಚೂರುಗಳು ಸಿಕ್ಕವು. ಹಣೆಯ ಮೇಲೆ ನಾಲ್ಕು ಏಟಿನ ಗುರುತು, ಒಂದೂ ಆಳಕ್ಕೆ ಇಳಿದಿಲ್ಲ. ಹೊಡೆದವನಿಗೆ ಆ ಕೆಲಸ ಅಭ್ಯಾಸವಿರಲಿಲ್ಲ, ಕೈ ಅಳುಕಿದೆ. ದವಡೆಯ ಮೇಲೆ ಚಾಕುವಿನ ಗೀರುಗಳು. ಅವಳು ಸತ್ತ ಮೇಲೆ ಹಸಿದವರು ಅವಳನ್ನು ತಿಂದರು. ಹೆಸರು ಯಾರಿಗೂ ಗೊತ್ತಿಲ್ಲ. ತಜ್ಞರು ಜೇನ್ ಎಂದು ಕರೆದು, ಬುರುಡೆಯ ಆಧಾರದಲ್ಲಿ ಅವಳ ಮುಖವನ್ನು ರೂಪಿಸಿದ್ದಾರೆ. ಮಗುವನ್ನು ಅಲ್ಲಿಗೆ ಕರೆದೊಯ್ಯಬೇಕೇ ಎಂದು ನಾನು ಹಿಂದೆಮುಂದೆ ನೋಡಿದ್ದೆ. ಕರೆದೊಯ್ದದ್ದೇ ಒಳ್ಳೆಯದಾಯಿತು. ಅವಳು ಏನೂ ಕೇಳಲಿಲ್ಲ, ನನ್ನ ಸೆರಗು ಹಿಡಿದು ನಿಂತಳು.

ಈ ಹಸಿವಿಗೆ ಮರುಗುವ ಮನಸ್ಸು ಬೇಲಿಯ ಆಚೆಗೂ ನೋಡಬೇಕು. 1610ರ ಆಗಸ್ಟ್‌ನಲ್ಲಿ ಕೋಟೆಯವರು ಪಾಸ್ಪಹೆ ಊರಿಗೆ ಬೆಂಕಿ ಹಚ್ಚಿ, ಮುಖಂಡನ ಹೆಂಡತಿ ಮಕ್ಕಳನ್ನು ಹಿಡಿದು ಕೊಂದರು. ಮ್ಯೂಸಿಯಂನ ಹೊರಗೆ ಪೊಹಾಟನ್ ಅರಸನ ಮಗಳು ಪೊಕಾಹೊಂಟಸ್ ಕಂಚಿನ ಪ್ರತಿಮೆಯಾಗಿ ಕೈ ಚಾಚಿದ್ದಾಳೆ. ಬಂದವರೆಲ್ಲ ಹಿಡಿದು ಹಿಡಿದು ಆ ಕೈಗಳು ಚಿನ್ನದಂತೆ ಹೊಳೆಯುತ್ತವೆ. ತೊಡಿಸಿರುವ ಉಡುಗೆ ಮಾತ್ರ ಅವಳ ಜನರದ್ದಲ್ಲ. 1614ರಲ್ಲಿ ಅವಳ ಮದುವೆ ನಡೆದ ಚರ್ಚಿನ ಕಂಬಗುಳಿಗಳೂ ಸಿಕ್ಕಿವೆ.

ನಮ್ಮವರಿಗೆ ಈ ಜಾಗ ಅಷ್ಟೇನೂ ದೂರದ್ದಲ್ಲ. ಈ ವಸಾಹತನ್ನು ನಡೆಸಿದ ವರ್ಜೀನಿಯಾ ಕಂಪನಿಯ ಖಜಾಂಚಿಯಾಗಿದ್ದ ಸರ್ ಥಾಮಸ್ ಸ್ಮಿತ್, ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಕೂಡ. 1630ರ ದಶಕದ ಇಲ್ಲಿಯ ಭೂದಾಖಲೆಯೊಂದರಲ್ಲಿ 'ಟೋನಿ, ಈಸ್ಟ್ ಇಂಡಿಯನ್' ಎಂಬ ಹೆಸರಿದೆ. ಆಳು ಕರೆತಂದವರಿಗೆ ತಲೆಗೆ 50 ಎಕರೆ ಕೊಡುತ್ತಿದ್ದ ಕಾಲವದು. ಟೋನಿಯ ಲೆಕ್ಕದ ನೆಲ ಅವನ ಯಜಮಾನನ ಖಾತೆಗೆ ಹೋಯಿತು. ಅವನ ಮನೆಯ ಹೆಸರು ಏನಿತ್ತೋ, ತಾಯಿ ಏನೆಂದು ಕೂಗುತ್ತಿದ್ದಳೋ!

ಹೊರಡುವಾಗ ಮೋಡ ಕವಿದಿತ್ತು. ಇಲ್ಲಿ ಈಗ ಮಳೆಗಿಂತಲೂ ಕೆಳಗಿನಿಂದ ಏರಿ ಬರುವ ನೀರಿನ ಭಯ. ಸಮುದ್ರಮಟ್ಟ ಏರುತ್ತಿದ್ದು, 2022ರಲ್ಲಿ ಅಮೆರಿಕದ ಅಪಾಯದಲ್ಲಿರುವ 11 ಚಾರಿತ್ರಿಕ ಸ್ಥಳಗಳ ಪಟ್ಟಿಯಲ್ಲಿ ಜೇಮ್ಸ್‌ಟೌನ್ ಸೇರಿತು. ಗುಂಡಿಯ ಹುಡುಗಿ ಕರಣೆ ಒರೆಸಿಟ್ಟು, ಕಂದು ಉರುಟುಗಳ ಮೇಲೆ ಟಾರ್ಪಾಲು ಎಳೆಯುತ್ತಿದ್ದಳು. ಒಂದು ತುದಿ ಗಾಳಿಗೆ ಹಾರಿತು. ತಂಗಿಯ ಮಗಳು ಓಡಿಹೋಗಿ ಅದನ್ನು ಹಿಡಿದುಕೊಂಡಳು.