ಕಾದಂಬರಿಯ ಹುಚ್ಚು

ಕನ್ನಡಿಗರಿಗೆ ಕಾದಂಬರಿ ಓದುವ ಹುಚ್ಚು ಹಿಡಿಸಿದವರು ಯಾರೆಂದರೆ ಎರಡು ಹೆಸರು ಹೇಳುವುದು ವಾಡಿಕೆ. ಮೈಸೂರು ಸೀಮೆಯಲ್ಲಿ ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರು, ಉತ್ತರ ಕರ್ನಾಟಕದಲ್ಲಿ ಗಳಗನಾಥರು (1869–1942). ಗಳಗನಾಥರು 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯಲ್ಲಿ ಕಾದಂಬರಿಗಳನ್ನು ಪ್ರಕಟಿಸಿದ್ದಷ್ಟೇ ಅಲ್ಲ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು.

ಮುಂದೆ ಆ ಗಂಟನ್ನು ಓದುಗರೇ ಹೊತ್ತರೆನ್ನಬೇಕು. ಬೀದಿ ಮೂಲೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದ ಒಂದು ಪುಸ್ತಕವನ್ನು ಮನೆಮಂದಿಯೆಲ್ಲ ಓದಿ, ಬಾಡಿಗೆ ಏರುವ ಮೊದಲು ಪಕ್ಕದ ಮನೆಗೂ ದಾಟಿಸುತ್ತಿದ್ದರು. ವಿಮರ್ಶಕರು ಎಳೆದ ಗೆರೆಗಳು ಅಲ್ಲಿ ಲೆಕ್ಕಕ್ಕಿರಲಿಲ್ಲ. ಎನ್. ನರಸಿಂಹಯ್ಯನವರ 'ಪತ್ತೇದಾರ ಪುರುಷೋತ್ತಮ' ಇದ್ದ ಕಪಾಟಿನಲ್ಲೇ ಅನಕೃ, ತ್ರಿವೇಣಿ, ಭೈರಪ್ಪ ಎಲ್ಲರೂ ಇರುತ್ತಿದ್ದರು.

ತ್ರಿವೇಣಿಯವರ 'ಶರಪಂಜರ'ವನ್ನೇ ನೋಡಿ. ಹೆರಿಗೆಯ ನಂತರ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡು, ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಬಂದರೂ, ಗಂಡನೂ ನೆರೆಹೊರೆಯೂ ಹುಚ್ಚಿಯೆಂದೇ ನೋಡುವ ಹೆಂಗಸಿನ ಕಥೆ ಅದು. ಯಾವ ಮನೆಯಲ್ಲೂ ಬಾಯಿಬಿಟ್ಟು ಆಡದ ಸಂಗತಿ. 'ಈ ಕಾದಂಬರಿ ಓದಿದ್ರೇನ್ರೀ?' ಎಂಬ ನೆಪದಲ್ಲಿ ಅದನ್ನು ಕಾಂಪೌಂಡು ಗೋಡೆಯ ಎರಡೂ ಬದಿ ನಿಂತು ಮಾತಾಡಬಹುದಾಯಿತು. 'ಅಡುಗೆಮನೆ ಸಾಹಿತ್ಯ' ಎಂದು ಮೂಗು ಮುರಿದವರ ಕಣ್ಣಿಗೆ ಇದು ಬೀಳಲಿಲ್ಲ.

ಪತ್ತೇದಾರಿಯೂ ತಾತ್ಸಾರದ ವಸ್ತುವಲ್ಲ. ನರಸಿಂಹಯ್ಯನವರು ಶಾಲೆಯಲ್ಲಿ ಹೆಚ್ಚು ಕಲಿತವರಲ್ಲ. ಆದರೂ ನೂರಾರು ಕಾದಂಬರಿ ಬರೆದು, ಅಕ್ಷರ ಕೂಡಿಸಿ ಓದುವವನನ್ನೂ ಕೊನೆಯ ಪುಟದವರೆಗೆ ಕರೆದೊಯ್ದರು. 1980ರಲ್ಲಿ ತೇಜಸ್ವಿಯವರ 'ಕರ್ವಾಲೊ' ಬಂದಾಗ, ಹಾರುವ ಓತಿಯ ಬೆನ್ನು ಹತ್ತಿ ಕಾಡಿಗೆ ನುಗ್ಗಲು ಓದುಗರು ತಯಾರಾಗಿದ್ದರಲ್ಲ, ಆ ಚಟದಲ್ಲಿ ಪುರುಷೋತ್ತಮನ ಪಾಲೂ ಇದೆಯೆಂದೇ ನನ್ನ ಎಣಿಕೆ.