ಹಳೆಯ ಕಾರುಗಳ ಹೆಡ್‌ಲೈಟ್ ವಿದ್ಯುನ್ಮಂಡಲ

ಹಳೆಯ ಕಾರುಗಳ ಹೆಡ್‌ಲೈಟ್ ವಿದ್ಯುನ್ಮಂಡಲವು ಬ್ಯಾಟರಿ, ಸ್ವಿಚ್ಚುಗಳು, ತಂತಿಗಳು ಹಾಗೂ ಕಾರಿನ ಲೋಹದ ಮೈಯ ಮೂಲಕ ಮುಂಭಾಗದ ದೀಪಗಳಿಗೆ ವಿದ್ಯುತ್ತನ್ನು ಪೂರೈಸುವ ವ್ಯವಸ್ಥೆಯಾಗಿದೆ. ಇಂತಹ ಕಾರುಗಳಲ್ಲಿ ದೀಪಗಳು ಮಂಕಾಗಲು ಅಥವಾ ಆರಿಹೋಗಲು ಬಲ್ಬು ಮಾತ್ರವಲ್ಲದೆ, ತಂತಿ, ಜೋಡಣೆ ಮತ್ತು ಸ್ವಿಚ್ಚುಗಳ ಸವೆತವೂ ಕಾರಣವಾಗುತ್ತದೆ. ರಾತ್ರಿ ಚಲಿಸುತ್ತಿರುವಾಗ ಎರಡೂ ದೀಪಗಳು ಒಮ್ಮೆಲೇ ಆರಿದರೆ ಚಾಲಕನಿಗೆ ರಸ್ತೆ ಕಾಣದಂತಾಗುವುದರಿಂದ ಈ ದೋಷಗಳು ಅಪಾಯಕಾರಿ.

ಹಿನ್ನೆಲೆ

ಆರಂಭದ ಅನೇಕ ಕಾರುಗಳಲ್ಲಿ 6 ವೋಲ್ಟ್ ವ್ಯವಸ್ಥೆಯಿತ್ತು; ಕ್ರಮೇಣ 12 ವೋಲ್ಟ್ ರೂಢಿಗೆ ಬಂದಿತು. 1940ರಲ್ಲಿ ಅಮೆರಿಕದಲ್ಲಿ 7 ಅಂಗುಲ ವ್ಯಾಸದ, ಗಾಜು, ಪ್ರತಿಫಲಕ ಮತ್ತು ತಂತು ಒಂದೇ ಘಟಕವಾಗಿರುವ ಸೀಲ್ಡ್ ಬೀಮ್ ದೀಪಗಳು ಬಂದವು. 1970ರ ದಶಕದಿಂದ ಎಚ್4 ಹ್ಯಾಲೊಜನ್ ಬಲ್ಬು ಬಳಕೆಗೆ ಬಂದಿತು. ಭಾರತದಲ್ಲಿ ಮಾರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ 2014ರವರೆಗೆ ತಯಾರಾದ ಹಿಂದೂಸ್ತಾನ್ ಅಂಬಾಸಿಡರ್ ಹಾಗೂ ಫಿಯೆಟ್ 1100 ಆಧಾರಿತ ಪ್ರೀಮಿಯರ್ ಪದ್ಮಿನಿ ಕಾರುಗಳನ್ನು ಹವ್ಯಾಸಿಗಳು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ.

ರಚನೆ

ಬ್ಯಾಟರಿಯಿಂದ ಹೊರಟ ಪ್ರವಾಹವು ಮೊದಲು ಡ್ಯಾಶ್‌ಬೋರ್ಡಿನ ದೀಪದ ಸ್ವಿಚ್ಚಿಗೆ, ಅಲ್ಲಿಂದ ಡಿಪ್ ಸ್ವಿಚ್ಚಿಗೆ, ನಂತರ ದೀಪಗಳಿಗೆ ಸಾಗುತ್ತದೆ. ಕೆಲವು ಕಾರುಗಳಲ್ಲಿ ಡಿಪ್ ಸ್ವಿಚ್ಚನ್ನು ನೆಲದ ಮೇಲಿಟ್ಟು ಕಾಲಿನಿಂದ ಒತ್ತುವ ಏರ್ಪಾಡಿತ್ತು. ಅಲ್ಲಿ ಸೇರುವ ನೀರು ಮತ್ತು ಧೂಳು ಅದರ ಆಯುಷ್ಯವನ್ನು ಕುಗ್ಗಿಸುತ್ತವೆ. ಪ್ರವಾಹವು ಹಿಂದಿರುಗಲು ಪ್ರತ್ಯೇಕ ತಂತಿ ಬ್ಯಾಟರಿಯವರೆಗೆ ಇರುವುದಿಲ್ಲ. ಕಾರಿನ ಉಕ್ಕಿನ ಮೈಯೇ ಆ ಕೆಲಸವನ್ನು ಮಾಡುತ್ತದೆ. ಇದನ್ನು ಅರ್ತ್ ಎನ್ನುತ್ತಾರೆ. 1960ರ ದಶಕದವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಮೈಗೆ ಜೋಡಿಸಲಾಗುತ್ತಿತ್ತು.

ಬ್ರಿಟಿಷ್ ಪದ್ಧತಿಯ ತಂತಿಗಳಲ್ಲಿ ಕಂದು ಬಣ್ಣವು ಬ್ಯಾಟರಿಯಿಂದ ಬರುವ ಸದಾ ಸಜೀವ ತಂತಿಯನ್ನೂ, ನೀಲಿಯು ಹೆಡ್‌ಲೈಟಿನ ತಂತಿಯನ್ನೂ, ನೀಲಿ-ಬಿಳಿ ಹೈ ಬೀಮನ್ನೂ, ನೀಲಿ-ಕೆಂಪು ಡಿಪ್ ಬೀಮನ್ನೂ, ಕಪ್ಪು ಅರ್ತನ್ನೂ ಸೂಚಿಸುತ್ತವೆ.

ವೋಲ್ಟೇಜ್ ನಷ್ಟ

60 ವ್ಯಾಟಿನ ಎರಡು ದೀಪಗಳು 12 ವೋಲ್ಟಿನಲ್ಲಿ ಒಟ್ಟು ಸುಮಾರು 10 ಆಂಪಿಯರ್ ಪ್ರವಾಹವನ್ನು ಸೆಳೆಯುತ್ತವೆ. ಓಮ್‌ನ ನಿಯಮದಂತೆ, ಈ ದಾರಿಯಲ್ಲಿ ಕೇವಲ 0.1 ಓಮ್ ಹೆಚ್ಚುವರಿ ರೋಧವಿದ್ದರೂ 1 ವೋಲ್ಟ್ ನಷ್ಟವಾಗುತ್ತದೆ. ತಂತುವಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಸಿಯುತ್ತದೆ: ವೋಲ್ಟೇಜ್ ಶೇ. 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇ. 30ರಷ್ಟು ಕುಗ್ಗುತ್ತದೆ. ಡೈನಮೊ ಇರುವ ಕಾರುಗಳಲ್ಲಿ ಎಂಜಿನ್ ನಿಧಾನವಾಗಿ ತಿರುಗುವಾಗ ದೀಪ ಮಂಕಾಗುವುದು ಸಹಜ; ಎಂಜಿನ್ ವೇಗ ಹೆಚ್ಚಿದರೂ ಬೆಳಕು ಬಾರದಿದ್ದರೆ ಅದು ದೋಷದ ಲಕ್ಷಣ.

ಸಾಮಾನ್ಯ ದೋಷಗಳು

• ಒಂದೇ ದೀಪದ ಎರಡೂ ಬೀಮುಗಳು ಮಂಕಾಗಿದ್ದರೆ ಆ ದೀಪದ ಅರ್ತ್ ಜೋಡಣೆಯಲ್ಲಿ ತುಕ್ಕು ಹಿಡಿದಿರುವ ಸಾಧ್ಯತೆ ಹೆಚ್ಚು.
• ಎರಡೂ ದೀಪಗಳಲ್ಲಿ ಒಂದು ಬೀಮ್ ಮಾತ್ರ ಇಲ್ಲವಾದರೆ ಡಿಪ್ ಸ್ವಿಚ್ಚನ್ನು ಪರೀಕ್ಷಿಸಬೇಕು.
• ಎಲ್ಲವೂ ಒಮ್ಮೆಲೇ ಆರಿದರೆ ಮುಖ್ಯ ಸ್ವಿಚ್ಚು ಅಥವಾ ಅದಕ್ಕೆ ಬರುವ ತಂತಿಯಲ್ಲಿ ದೋಷವಿರುತ್ತದೆ.
• ತಾಮ್ರದ ಎಳೆಗಳಿಗೆ ಕಿಲುಬು ಹಿಡಿದಿದ್ದರೆ, ಮೇಲಿನ ಹೊದಿಕೆ ಚೆನ್ನಾಗಿ ಕಂಡರೂ ತಂತಿಯ ಒಳಗಿನ ರೋಧ ಹೆಚ್ಚಿರುತ್ತದೆ.

ಪರೀಕ್ಷೆ

ಬಲ್ಬನ್ನು ತೆಗೆದು ಸಾಕೆಟ್ಟಿನಲ್ಲಿ ವೋಲ್ಟೇಜ್ ಅಳೆಯುವುದು ದಾರಿತಪ್ಪಿಸುವ ವಿಧಾನ. ಪ್ರವಾಹ ಹರಿಯದಿರುವಾಗ ನಷ್ಟವೂ ಇರುವುದಿಲ್ಲವಾದ್ದರಿಂದ ಕೆಟ್ಟ ಜೋಡಣೆಯಲ್ಲೂ ಪೂರ್ಣ ವೋಲ್ಟೇಜ್ ಕಾಣಿಸುತ್ತದೆ. ಆದ್ದರಿಂದ ದೀಪ ಉರಿಯುತ್ತಿರುವಾಗಲೇ ಬ್ಯಾಟರಿಯ ಸಜೀವ ತುದಿಯಿಂದ ದೀಪದ ಸಜೀವ ತುದಿಗೂ, ದೀಪದ ಅರ್ತ್ ತುದಿಯಿಂದ ಬ್ಯಾಟರಿಯ ಅರ್ತ್ ತುದಿಗೂ ಪ್ರತ್ಯೇಕವಾಗಿ ಅಳೆಯಬೇಕು. ಎರಡರ ಮೊತ್ತ ಅರ್ಧ ವೋಲ್ಟಿನ ಒಳಗಿದ್ದರೆ ಮಂಡಲವು ಉತ್ತಮ ಸ್ಥಿತಿಯಲ್ಲಿದೆ ಎನ್ನಬಹುದು.

ರಿಲೇ ಅಳವಡಿಕೆ

ಬ್ಯಾಟರಿಯಿಂದ ದೀಪಗಳಿಗೆ ದಪ್ಪ ತಂತಿಯನ್ನು ನೇರವಾಗಿ ಎಳೆದು, ಅದರ ನಡುವೆ ರಿಲೇ ಇಡುವುದು ಪ್ರಚಲಿತ ಪರಿಹಾರ. ಆಗ ಹಳೆಯ ಸ್ವಿಚ್ಚು ರಿಲೇಯ ಸುರುಳಿಗೆ ಬೇಕಾದ ಅಲ್ಪ ಪ್ರವಾಹವನ್ನು ಮಾತ್ರ ಹೊರುತ್ತದೆ. ಸಾಮಾನ್ಯ ರಿಲೇಯಲ್ಲಿ 85 ಮತ್ತು 86 ಸುರುಳಿಯ ತುದಿಗಳು. 30 ಬ್ಯಾಟರಿಯಿಂದ ಬರುವ, 87 ದೀಪಕ್ಕೆ ಹೋಗುವ ತುದಿಗಳು. ಹಳೆಯ ಅನೇಕ ಕಾರುಗಳ ಹೆಡ್‌ಲೈಟ್ ಮಂಡಲದಲ್ಲಿ ಫ್ಯೂಸ್ ಇರುತ್ತಿರಲಿಲ್ಲ; ಹೊಸ ತಂತಿಗೆ ಬ್ಯಾಟರಿಯ ಸಮೀಪದಲ್ಲೇ ಫ್ಯೂಸ್ ಹಾಕುವುದು ಅಗತ್ಯ. ಎಡ ಮತ್ತು ಬಲ ದೀಪಗಳಿಗೆ ಬೇರೆ ಬೇರೆ ಫ್ಯೂಸ್ ಇದ್ದರೆ ಒಂದು ಸುಟ್ಟುಹೋದರೂ ಇನ್ನೊಂದು ದೀಪ ಉರಿಯುತ್ತಿರುತ್ತದೆ.

ಮುನ್ನೆಚ್ಚರಿಕೆ

ಮಂಕು ದೀಪಕ್ಕೆ ಪರಿಹಾರವೆಂದು 100 ವ್ಯಾಟಿನ ಬಲ್ಬು ಹಾಕಿದರೆ ಎರಡು ದೀಪಗಳು 16 ಆಂಪಿಯರ್‌ಗೂ ಹೆಚ್ಚು ಪ್ರವಾಹವನ್ನು ಸೆಳೆಯುತ್ತವೆ. ಇದರಿಂದ ಹಳೆಯ ತಂತಿ ಮತ್ತು ಸ್ವಿಚ್ಚು ಬಿಸಿಯಾಗಿ, ಹೊದಿಕೆ ಕರಗಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಎದುರಿನಿಂದ ಬರುವವರ ಕಣ್ಣೂ ಕುಕ್ಕುತ್ತದೆ. ದುರಸ್ತಿಗೆ ಮೊದಲು ಬ್ಯಾಟರಿಯ ಅರ್ತ್ ತುದಿಯನ್ನು ಕಳಚಬೇಕು. ದುರಸ್ತಿಯ ನಂತರ ದೀಪಗಳ ದಿಕ್ಕನ್ನು ಸರಿಪಡಿಸಬೇಕು.