ಆರ್‌ಎಕ್ಸ್ 100: ಒಂದು ಮೀಟರು ಕೊಳವೆಯ ಲೆಕ್ಕ

ಯಮಹಾ ಆರ್‌ಎಕ್ಸ್ 100 ಎಂಬ ಎರಡು ಸ್ಟ್ರೋಕಿನ ಬೈಕಿನ ಎಂಜಿನ್ನಿನ ಹೊಟ್ಟೆಯೊಳಗೆ ಓಡಾಡುವ ದೊಡ್ಡ ಭಾಗಗಳು ಮೂರೇ ಮೂರು: ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕ್. ಇಂದಿನ ಬೈಕುಗಳ ವಾಲ್ವು, ಕ್ಯಾಮ್, ಟೈಮಿಂಗ್ ಚೈನು ಯಾವುದೂ ಅದಕ್ಕಿಲ್ಲ. ಬೋರ್ 50 ಮಿ.ಮೀ., ಸ್ಟ್ರೋಕ್ 50 ಮಿ.ಮೀ., ಒಟ್ಟು 98 ಸಿಸಿ. ಇಷ್ಟೇ ಜಾಗದಿಂದ ನಿಮಿಷಕ್ಕೆ 7,500 ಸುತ್ತಿನ ವೇಗದಲ್ಲಿ 11 ಅಶ್ವಶಕ್ತಿ ಹೊರಡುತ್ತಿತ್ತು. ಅದೇ ಕಾಲದ ನಾಲ್ಕು ಸ್ಟ್ರೋಕಿನ ನೂರು ಸಿಸಿ ಬೈಕುಗಳಿಗೆ ಅದರ ಮುಕ್ಕಾಲು ಪಾಲೂ ಸಾಧ್ಯವಾಗಿರಲಿಲ್ಲ. 1985ರ ನವೆಂಬರಿನಲ್ಲಿ ಬಂದು 1996ರ ಮಾರ್ಚಿನಲ್ಲಿ ನಿಂತುಹೋದ ಈ ಗಾಡಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗಿಂತ ವಯಸ್ಸಿನಲ್ಲಿ ಹಿರಿಯದು. ಜಿಲ್ಲೆ ಹುಟ್ಟಿದ್ದು 1986ರಲ್ಲಿ. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದ ಗ್ಯಾರೇಜುಗಳಲ್ಲಿ ಇವತ್ತಿಗೂ ಅದನ್ನು ಬಿಚ್ಚುತ್ತಾರೆ, ಮತ್ತೆ ಜೋಡಿಸುತ್ತಾರೆ.

ಜಪಾನಿನ ಹಳೆಯ ಸ್ಪೋರ್ಟ್ಸ್ ವಾಹನ ಎಂದರೆ ಬೇರೆ ದೇಶಗಳಲ್ಲಿ ನೆನಪಾಗುವುದು ಕಾರು: ಡಾಟ್ಸನ್ 240 ಝಡ್, ಮಾಜ್ದಾ ಎಂಎಕ್ಸ್-5, ನಿಸಾನ್ ಸ್ಕೈಲೈನ್ ಜಿಟಿ-ಆರ್. ಅವುಗಳಲ್ಲಿ ಕೆಲವುಗಳ ಬಿಡಿಭಾಗಗಳನ್ನು ಕಂಪನಿಗಳೇ ಮತ್ತೆ ತಯಾರಿಸತೊಡಗಿವೆ. ಮೊದಲ ತಲೆಮಾರಿನ ಎಂಎಕ್ಸ್-5 ಕಾರುಗಳನ್ನು ತಾನೇ ಬಿಚ್ಚಿ ಹೊಸದಾಗಿಸಿಕೊಡುವುದಾಗಿ ಮಾಜ್ದಾ 2017ರಲ್ಲಿ ಪ್ರಕಟಿಸಿತು. ಭಾರತದಲ್ಲಿ ಇಂಥ ಕಾರುಗಳು ಕಣ್ಣಿಗೆ ಬೀಳುವುದೇ ಅಪರೂಪ. ಬಳಸಿದ ಕಾರನ್ನು ಹೊರದೇಶದಿಂದ ತರಬೇಕೆಂದರೆ ಅದು 3 ವರ್ಷಕ್ಕಿಂತ ಹಳೆಯದಾಗಿರಬಾರದು ಎಂಬ ನಿಯಮ ಒಂದು ಕಡೆ, ಕಾರಿನ ಬೆಲೆಯನ್ನೇ ಮೀರಿಸುವ ಸುಂಕ ಇನ್ನೊಂದು ಕಡೆ. ಟೊಯೊಟಾ ಬಿಡದಿಯಲ್ಲಿ ಕಾರ್ಖಾನೆ ಹಾಕಿದಾಗ ಬಿಡದಿ ಇದೇ ಗ್ರಾಮಾಂತರ ಜಿಲ್ಲೆಗೆ ಸೇರಿತ್ತು. ಆದರೆ 1999ರ ಕೊನೆಗೆ ಅಲ್ಲಿಂದ ಹೊರಬಂದದ್ದು ಕ್ವಾಲಿಸ್ ಎಂಬ ಸಂಸಾರದ ಗಾಡಿ. ಹಾಗಾಗಿ ಇಲ್ಲಿನ ಹುಡುಗರಿಗೆ ಜಪಾನಿನ ಸ್ಪೋರ್ಟ್ಸ್ ಯಂತ್ರ ದಕ್ಕಿದ್ದು ಎರಡು ಚಕ್ರದ ಮೇಲೆಯೇ. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾದ ಆರ್‌ಡಿ 350ಯನ್ನು ರಾಜದೂತ್ ಹೆಸರಿನಲ್ಲಿ ತಂದಿತು. 347 ಸಿಸಿಯ, ಎರಡು ಸಿಲಿಂಡರಿನ ಆ ಬೈಕು ಪೆಟ್ರೋಲು ಕುಡಿಯುವುದರಲ್ಲೂ ಅಷ್ಟೇ ಜೋರಾಗಿದ್ದರಿಂದ ಹೆಚ್ಚು ಕಾಲ ಉಳಿಯಲಿಲ್ಲ. ಹಳ್ಳಿಗಳವರೆಗೆ ತಲುಪಿದ್ದು ಆರ್‌ಎಕ್ಸ್. 2015ರ ಹೊತ್ತಿಗೆ ಅದು ‘ಆರ್‌ಎಕ್ಸ್ ಸೂರಿ’ ಎಂದು ಕನ್ನಡ ಸಿನಿಮಾದ ಹೆಸರಿಗೇ ಏರಿತ್ತು.

ಎರಡು ಸ್ಟ್ರೋಕಿನ ಎಂಜಿನ್ನು ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆಯ ದ್ರಾಕ್ಷಿ ಬೆಳೆಗಾರರಿಗೆ ಇನ್ನೊಂದು ವೇಷದಲ್ಲೂ ಪರಿಚಿತ. ಬೆನ್ನಿಗೆ ಹೊತ್ತು ಔಷಧಿ ಹೊಡೆಯುವ ಪವರ್ ಸ್ಪ್ರೇಯರು, ಕಳೆ ಕತ್ತರಿಸುವ ಯಂತ್ರ, ಇವುಗಳಲ್ಲಿ ಹಲವು ಇದೇ ಜಾತಿಯವು. ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಿ ಕುಲುಕಿ ಹಾಕುವ ಕೈಗಳಿಗೆ ಆರ್‌ಎಕ್ಸ್‌ನ ಸ್ವಭಾವ ವಿವರಿಸಬೇಕಿಲ್ಲ. ಪಿಸ್ಟನ್ ಮೇಲೇರುವಾಗ ತಲೆಯ ಮೇಲಿನ ಮಿಶ್ರಣವನ್ನು ಒತ್ತುತ್ತದೆ. ಅದೇ ಹೊತ್ತಿಗೆ ಅದರ ಕೆಳಗೆ, ಕ್ರ್ಯಾಂಕ್ ಇರುವ ಪೆಟ್ಟಿಗೆಯಲ್ಲಿ ಜಾಗ ತೆರವಾಗಿ ಕಾರ್ಬುರೇಟರಿನಿಂದ ಹೊಸ ಮಿಶ್ರಣ ಒಳಗೆ ಬರುತ್ತದೆ. ಬಂದದ್ದು ಹಿಂದಕ್ಕೆ ಹೋಗದಂತೆ ನಡುವೆ ರೀಡ್ ವಾಲ್ವ್ ಎಂಬ ತೆಳು ತಗಡಿನ ಎಲೆಗಳು ಕಾಯುತ್ತವೆ. ಕಿಡಿ ಹಾರಿ ಪಿಸ್ಟನ್ ಕೆಳಗಿಳಿಯುವಾಗ ಸಿಲಿಂಡರಿನ ಗೋಡೆಯಲ್ಲಿ ಮೊದಲು ಹೊಗೆಯ ಕಿಂಡಿ ತೆರೆದುಕೊಳ್ಳುತ್ತದೆ, ಹಿಂದೆಯೇ ಹೊಸ ಮಿಶ್ರಣದ ಕಿಂಡಿಗಳು. ಕೆಳಗೆ ಒತ್ತಡಕ್ಕೆ ಸಿಕ್ಕಿದ್ದ ಮಿಶ್ರಣ ಮೇಲೆ ನುಗ್ಗಿ ಹೊಗೆಯನ್ನು ಹೊರಗೆ ತಳ್ಳುತ್ತದೆ. ನಾಲ್ಕು ಸ್ಟ್ರೋಕಿನಲ್ಲಿ ಎರಡು ಸುತ್ತಿಗೊಮ್ಮೆ ಆಗುವ ಸ್ಫೋಟ ಇಲ್ಲಿ ಪ್ರತಿ ಸುತ್ತಿಗೂ ಆಗುತ್ತದೆ. ಪುಟ್ಟ ಎಂಜಿನ್ನಿನ ದೊಡ್ಡ ಶಕ್ತಿಗೆ ಮೂಲ ಇದು.

ತೊಂದರೆಯೂ ಇಲ್ಲೇ ಇದೆ. ಹೊಗೆಯ ಕಿಂಡಿ, ಮಿಶ್ರಣದ ಕಿಂಡಿ ಒಂದಷ್ಟು ಹೊತ್ತು ಒಟ್ಟಿಗೆ ತೆರೆದಿರುತ್ತವೆ. ಹೊಗೆಯ ಬೆನ್ನಿಗೇ ಸುಡದ ಪೆಟ್ರೋಲೂ ಆಚೆ ಹೋಗುತ್ತದೆ. ಅದನ್ನು ತಡೆಯುವ ಕೆಲಸ ಬಿದ್ದಿರುವುದು ಸೈಲೆನ್ಸರಿನ ಮೇಲೆ. ಹೊರಗಿನಿಂದ ನೀಟಾದ ಕ್ರೋಮಿನ ಕೊಳವೆಯಂತೆ ಕಾಣುವ ಅದರ ಒಳಗೆ ಮೊದಲು ಅಗಲವಾಗಿ ಆಮೇಲೆ ಕಿರಿದಾಗುವ ಶಂಕುಗಳಿವೆ. ಕಿಂಡಿ ತೆರೆದಾಗ ಹೊರಟ ಒತ್ತಡದ ಅಲೆ ಅಗಲವಾಗುವ ಕಡೆ ಹಿಂದಕ್ಕೊಂದು ಸೆಳೆತ ಕಳಿಸಿ ಸಿಲಿಂಡರನ್ನು ಬರಿದು ಮಾಡುತ್ತದೆ; ಕಿರಿದಾಗುವ ಕಡೆ ಬಡಿದು ತಾನೇ ಹಿಂದಿರುಗಿ, ಓಡಿಹೋಗುತ್ತಿದ್ದ ಮಿಶ್ರಣವನ್ನು ಒಳಕ್ಕೆ ನೂಕುತ್ತದೆ. ಲೆಕ್ಕ ಸುಲಭ. ನಿಮಿಷಕ್ಕೆ 7,500 ಸುತ್ತು ಎಂದರೆ ಒಂದು ಸುತ್ತಿಗೆ ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ 8 ಭಾಗ. ಹೊಗೆಯ ಕಿಂಡಿ ತೆರೆದಿರುವುದು ಅದರಲ್ಲಿ ಸುಮಾರು ಅರ್ಧ, 4 ಭಾಗ. ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ 500 ಮೀಟರಿನ ಆಸುಪಾಸು. ಅಷ್ಟು ಹೊತ್ತಿನಲ್ಲಿ ಅಲೆ 2 ಮೀಟರು ಓಡೀತು. ಹೋಗಿ ಬರಬೇಕಾದ್ದರಿಂದ ಬಡಿದು ಮರಳುವ ಜಾಗ ಒಂದು ಮೀಟರಿಗಿಂತ ತುಸು ಈಚೆಗಿರಬೇಕು. ಆರ್‌ಎಕ್ಸ್ ಒಂದು ವೇಗ ದಾಟಿದೊಡನೆ ಹಗ್ಗ ಕಳಚಿದ ಹೋರಿಯಂತೆ ನುಗ್ಗುವುದು ಈ ಅಲೆ ಸರಿಯಾದ ಕ್ಷಣಕ್ಕೆ ಮರಳಿದಾಗ. ಅದಕ್ಕಿಂತ ನಿಧಾನವಾಗಿ ಓಡಿಸಿದರೆ ಅಲೆ ಬೇಗ ಬಂದು ಕೂರುತ್ತದೆ, ಉಪಯೋಗವಿಲ್ಲ.

ಈ ವಿದ್ಯೆ ಪಳಗಿದ್ದು ಜಪಾನಿನಲ್ಲಲ್ಲ, ಪೂರ್ವ ಜರ್ಮನಿಯ ಛೋಪಾವ್ ಎಂಬ ಊರಿನಲ್ಲಿ. ಅಲ್ಲಿನ ಎಂಝಡ್ ಕಾರ್ಖಾನೆಯ ಎಂಜಿನಿಯರ್ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಇದನ್ನು ಹದಕ್ಕೆ ತಂದರು. ಅವರ ತಂಡದ ಸವಾರ ಅರ್ನ್ಸ್ಟ್ ಡೆಗ್ನರ್ 1961ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನ ರೇಸಿನಿಂದಲೇ ಪಶ್ಚಿಮಕ್ಕೆ ಪರಾರಿಯಾಗಿ ಸುಜುಕಿ ಸೇರಿದರು. ಮರುವರ್ಷ 50 ಸಿಸಿ ವಿಶ್ವಪಟ್ಟ ಸುಜುಕಿಯದಾಯಿತು. ಯಮಹಾದ ಮೊಟ್ಟಮೊದಲ ಬೈಕು, 1955ರ ವೈಎ-1, ಕೂಡ ಅದೇ ಊರಿನಲ್ಲಿ ಹುಟ್ಟಿದ ಡಿಕೆಡಬ್ಲ್ಯು ಆರ್‌ಟಿ 125ರ ಪಡಿಯಚ್ಚು. ‘ಒರಿಜಿನಲ್ ಜಪಾನ್ ಪೀಸ್’ ಎಂದು ಎದೆ ತಟ್ಟಿಕೊಳ್ಳುವವರಿಗೆ ಇದು ಅಷ್ಟೇನೂ ಇಷ್ಟವಾಗದ ವಿಷಯ.

ಹಳೆಯ ಗಾಡಿ ಕೊಂಡವರಲ್ಲಿ ಹೆಚ್ಚಿನವರು ಮೊದಲು ದುಡ್ಡು ಸುರಿಯುವುದು ಬಣ್ಣಕ್ಕೆ, ಕ್ರೋಮಿಗೆ. ಕ್ರಮ ತಿರುಗುಮುರುಗು. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಆರ್‌ಎಕ್ಸ್‌ನಲ್ಲಿ ಮೊದಲು ನೋಡಬೇಕಾದ್ದು ಕ್ರ್ಯಾಂಕಿನ ಎರಡು ಬದಿಯ ಆಯಿಲ್ ಸೀಲ್. ಬೆಲೆ ಅಲ್ಪ, ಕೆಲಸ ದೊಡ್ಡದು. ಕ್ರ್ಯಾಂಕಿನ ಪೆಟ್ಟಿಗೆಯೇ ಇಲ್ಲಿ ಪಂಪು. ರಬ್ಬರ್ ಒಣಗಿ ಸೀಲ್ ಬಿರಿದರೆ ಮ್ಯಾಗ್ನೆಟ್ ಬದಿಯಿಂದ ಗಾಳಿ ಸೇರಿ ಮಿಶ್ರಣ ತೆಳುವಾಗುತ್ತದೆ. ಕ್ಲಚ್ ಬದಿಯಿಂದ ಗೇರ್ ಆಯಿಲ್ ಒಳಗೆಳೆದುಕೊಂಡು ಬಿಳಿಹೊಗೆ ನಿಲ್ಲುವುದೇ ಇಲ್ಲ. ಪ್ಲಗ್ ಬಿಚ್ಚಿ ನೋಡಿದರೆ ಅರ್ಧ ರೋಗ ಗೊತ್ತಾಗುತ್ತದೆ: ತುದಿ ಕಾಫಿಪುಡಿಯ ಬಣ್ಣಕ್ಕಿದ್ದರೆ ಸರಿ, ಒದ್ದೆಯಾಗಿ ಕಪ್ಪಗಿದ್ದರೆ ಪೆಟ್ರೋಲೋ ಆಯಿಲೋ ಹೆಚ್ಚು, ಸುಣ್ಣದಂತೆ ಬೆಳ್ಳಗಿದ್ದರೆ ಅಪಾಯ. ತೆಳು ಮಿಶ್ರಣ ಬಿಸಿಯಾಗಿ ಉರಿಯುತ್ತದೆ. ಅಲ್ಯೂಮಿನಿಯಮ್ ಪಿಸ್ಟನ್ನು ಎರಕದ ಕಬ್ಬಿಣದ ಗೋಡೆಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಇವೆರಡರ ನಡುವಿನ ಸಂದು ತಲೆಗೂದಲಿಗಿಂತ ತೆಳು. ಅದು ಮುಚ್ಚಿಹೋದರೆ ಎಂಜಿನ್ ಸೀಜ್, ಹಿಂದಿನ ಚಕ್ರ ಇದ್ದಕ್ಕಿದ್ದಂತೆ ಹಿಡಿದುಕೊಳ್ಳುತ್ತದೆ.

ಸೀಜ್ ಆದ ಬ್ಲಾಕನ್ನು ಬೋರಿಂಗಿಗೆ ಒಯ್ಯುತ್ತಾರೆ. ಪಿಸ್ಟನ್ನುಗಳು ಕಾಲು ಮಿಲಿಮೀಟರಿನ ಹೆಜ್ಜೆಯಲ್ಲಿ, 0.25ರಿಂದ 1.00ರವರೆಗೆ ದಪ್ಪವಾಗುತ್ತ ಸಿಗುತ್ತವೆ. ಕೊನೆಯ ಹೆಜ್ಜೆಗೆ ಬೋರ್ 51 ಮಿ.ಮೀ. ಆಗಿ ಎಂಜಿನ್ 102 ಸಿಸಿ ಮುಟ್ಟುತ್ತದೆ. ಅದಾದ ಮೇಲೆ ಬ್ಲಾಕಿಗೆ ಹೊಸ ಸ್ಲೀವ್, ಅಂದರೆ ಒಳಗಿನ ಕಬ್ಬಿಣದ ಗೋಡೆ. ಲೇತಿನ ಮುಂದೆ ಕೂತ ಒಳ್ಳೆಯ ಕೆಲಸಗಾರ ಮೊದಲು ಪಿಸ್ಟನ್ ಕೇಳಿ ಪಡೆದು ಅಳೆಯುತ್ತಾನೆ, ಆಮೇಲೆ ಬ್ಲಾಕಿಗೆ ಕೈಹಾಕುತ್ತಾನೆ. ಹೋನಿಂಗ್ ಎಂಬ ಕೊನೆಯ ಉಜ್ಜುವಿಕೆ ಮುಗಿದ ಗೋಡೆಯನ್ನು ಬೆಳಕಿಗೆ ಹಿಡಿದರೆ ಚಾಪೆಯ ಹೆಣಿಗೆಯಂತೆ ಅಡ್ಡಡ್ಡ ಗೀರುಗಳು ಕಾಣಬೇಕು. ಎಣ್ಣೆ ನಿಲ್ಲುವುದು ಆ ಗೀರುಗಳಲ್ಲಿ. ಕನ್ನಡಿಯಂತೆ ನುಣುಪಾದ ಗೋಡೆ ನೋಡಲು ಚೆನ್ನ, ಬಾಳಿಕೆ ಇಲ್ಲ. ಬೋರ್ ಆದ ಮೇಲೆ ಕಿಂಡಿಗಳ ಅಂಚನ್ನು ಲಘುವಾಗಿ ಉಜ್ಜಿ ಮೊಂಡು ಮಾಡುವುದನ್ನು ಮರೆತರೆ ರಿಂಗು ಅದಕ್ಕೆ ಸಿಕ್ಕಿ ಮುರಿಯುತ್ತದೆ.

ಟ್ಯಾಂಕಿನ ತುಕ್ಕು ಬೇರೆಯೇ ಕಥೆ. ಹುಣಸೆಹುಳಿ ಹಾಕಿ ತಾಮ್ರದ ಬಿಂದಿಗೆ ಬೆಳಗುವುದರ ಹಿಂದಿನ ರಸಾಯನಶಾಸ್ತ್ರವೇ ಇಲ್ಲೂ ನಡೆಯುತ್ತದೆ: ಆಮ್ಲ ಲೋಹದ ಆಕ್ಸೈಡನ್ನು ಕರಗಿಸುತ್ತದೆ. ಫಾಸ್ಫಾರಿಕ್ ಆಮ್ಲ ತುಕ್ಕನ್ನು ತೆಗೆಯುವುದಲ್ಲದೆ ಕಬ್ಬಿಣದ ಮೇಲೆ ತೆಳುವಾದ ಫಾಸ್ಫೇಟ್ ಪೊರೆಯನ್ನೂ ಬಿಡುವುದರಿಂದ ಅದೇ ಮೇಲು. ಕ್ರೋಮ್ ಲೇಪನದಲ್ಲಿ ಗೊತ್ತಿರಬೇಕಾದ್ದು ಒಂದೇ: ತುಕ್ಕನ್ನು ತಡೆಯುವುದು ಅಡಿಯಲ್ಲಿರುವ ನಿಕ್ಕಲ್ಲಿನ ಪದರ, ಕ್ರೋಮ್ ಹೆಚ್ಚಾಗಿ ಹೊಳಪಿಗೆ. ಆ ಹೊಳಪಿನ ಬೆಲೆಯನ್ನು ಬೇರೆಯವರೂ ತೆರುತ್ತಾರೆ. ಲೇಪನದ ಕಾರ್ಖಾನೆಗಳಿರುವ ಪೀಣ್ಯದ ಅಂತರ್ಜಲದಲ್ಲಿ ವಿಷಕಾರಿ ಕ್ರೋಮಿಯಂ ಪತ್ತೆಯಾಗಿದೆ.

ಈಚಿನ ಹೊಸ ತಲೆನೋವು ಪೆಟ್ರೋಲಿಗೆ ಶೇ 20ರಷ್ಟು ಎಥನಾಲ್ ಬೆರೆಸುವುದು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಸುಡಲು 14.7 ಕಿಲೋ ಗಾಳಿ ಬೇಕು, ಎಥನಾಲಿಗೆ 9 ಸಾಕು. ಅಂದರೆ ಜೆಟ್ ಎಂಬ ಕಾರ್ಬುರೇಟರಿನ ಹಳೆಯ ತೂತಿನಲ್ಲೇ ಹೊಸ ಪೆಟ್ರೋಲ್ ಹರಿದರೆ ಮಿಶ್ರಣ ಶೇ 7-8ರಷ್ಟು ತೆಳು. ಕಾರ್ಬುರೇಟರಿಗೆ ಇದು ತಾನಾಗಿ ಅರ್ಥವಾಗುವುದಿಲ್ಲ. ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಹಾಕಬೇಕಾಗುತ್ತದೆ. ಎಥನಾಲ್ ನೀರನ್ನೂ ಹೀರುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತು ನೀರು ಮಿತಿ ಮೀರಿದರೆ ನೀರು ಎಥನಾಲ್ ಕೂಡಿ ತಳಕ್ಕಿಳಿಯುತ್ತವೆ, 2ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಮತ್ತೆ ಕಿಕ್ ಹೊಡೆದಾಗ ಎಂಜಿನ್ನಿಗೆ ಮೊದಲು ಸಿಗುವುದು ಎಣ್ಣೆಯಿಲ್ಲದ ದ್ರವ. ನಿಲ್ಲಿಸುವ ಮೊದಲು ಕಾಕ್ ಮುಚ್ಚಿ ಕಾರ್ಬುರೇಟರ್ ಬರಿದಾಗುವವರೆಗೆ ಓಡಿಸುವ ಹಳೆಯ ಅಭ್ಯಾಸಕ್ಕೆ ಈಗ ಹೊಸ ಕಾರಣ ಸಿಕ್ಕಿದೆ.

ಸೈಲೆನ್ಸರಿನ ಒಳಭಾಗ ಕಿತ್ತು ಸದ್ದು ಮಾಡಿಸುವವರು ಎರಡು ಕಡೆ ಸೋಲುತ್ತಾರೆ. ಅಲೆ ಮರಳಿಸುವ ಶಂಕು ಹೋದರೆ ಸದ್ದು ಏರಿ ಶಕ್ತಿ ಇಳಿಯುತ್ತದೆ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಅಂಥ ಸೈಲೆನ್ಸರುಗಳನ್ನು ಸಾಲಾಗಿ ಜೋಡಿಸಿ ರೋಡ್ ರೋಲರ್ ಹಾಯಿಸಿದ್ದೂ ಉಂಟು. ಆರ್‌ಎಕ್ಸ್ 100 ನಿಂತದ್ದಕ್ಕೆ ಕಾರಣವೂ ಸುಡದ ಪೆಟ್ರೋಲನ್ನು ಆಚೆ ಬಿಡುವ ಆ ಹೊಗೆಯ ಕಿಂಡಿಯೇ. 1996ರ ಏಪ್ರಿಲಿನಿಂದ ಬಂದ ನಿಯಮ ದ್ವಿಚಕ್ರಿಗಳಿಗೆ ಕಿಲೋಮೀಟರಿಗೆ 4.5 ಗ್ರಾಂ ಕಾರ್ಬನ್ ಮೊನಾಕ್ಸೈಡ್, ಸುಡದ ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡ್ ಸೇರಿ 3.6 ಗ್ರಾಂ ಎಂದು ಮಿತಿ ಹಾಕಿತು. 2000ದಲ್ಲಿ ಎರಡೂ 2 ಗ್ರಾಮಿಗೆ ಇಳಿದವು. ಆಮೇಲೆ ಬಂದ ಆರ್‌ಎಕ್ಸ್ 135 ಏಗಿಕೊಂಡು 2005ರವರೆಗೆ ನಡೆಯಿತು.

ಕೊನೆಗೆ ಕಾಗದಪತ್ರ. 15 ವರ್ಷ ದಾಟಿದ ಬೈಕಿನ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲಿನಲ್ಲಿ ಕೇಂದ್ರದ ಶುಲ್ಕ 300ರಿಂದ 1,000 ರೂಪಾಯಿಗೆ ಏರಿತು. ದೇವನಹಳ್ಳಿಯ ಕೆಎ 43, ನೆಲಮಂಗಲದ ಕೆಎ 52 ಕಚೇರಿಗಳಿಗೆ ಹೋಗುವ ಆರ್‌ಎಕ್ಸ್‌ಗಳಲ್ಲಿ ಸಿ ಅಕ್ಷರದಿಂದ ಶುರುವಾಗುವ ಹಳೆಯ ನಂಬರಿನವೂ ಇವೆ. 2021ರ ವಿಂಟೇಜ್ ನಿಯಮ 50 ವರ್ಷ ತುಂಬಿ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ ‘ವಿಎ’ ಸರಣಿಯ ನಂಬರ್ ಕೊಡುತ್ತದೆ, ಆದರೆ ನಿತ್ಯದ ಓಡಾಟಕ್ಕೆ ಬಿಡುವುದಿಲ್ಲ. ಮೊದಲ ಆರ್‌ಎಕ್ಸ್ 100 ಆ ವಯಸ್ಸು ಮುಟ್ಟುವುದು 2035ರಲ್ಲಿ. ಅಲ್ಲಿಯವರೆಗೆ ಕಾಯಬೇಕಾದ್ದು ಛಾಸಿ ನಂಬರನ್ನು. ಹ್ಯಾಂಡಲ್ ಬುಡದಲ್ಲಿ ಕೊರೆದ ಆ ಅಂಕಿಗಳ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಕಚೇರಿಗೆ ಕೊಡುವ ಪದ್ಧತಿಯಿದೆ. ಹೊಸ ಬಣ್ಣ ದಪ್ಪಗೆ ಬಳಿದು ಅಂಕಿ ಮುಚ್ಚಿದ್ದರೆ, ತುಕ್ಕು ತಿಂದ ಜಾಗವನ್ನು ಗ್ರೈಂಡರಿನಿಂದ ಉಜ್ಜಿದ್ದರೆ, ಗುಜರಿಯಿಂದ ತಂದ ಕೇಸಿಂಗ್ ಹಾಕಿ ಎಂಜಿನ್ ನಂಬರ್ ಆರ್‌ಸಿಗೆ ಹೊಂದದಿದ್ದರೆ, ಎಷ್ಟೇ ಚೆನ್ನಾಗಿ ಓಡುವ ಗಾಡಿಯಾದರೂ ತಪಾಸಣೆಯಲ್ಲೇ ನಿಲ್ಲುತ್ತದೆ.